ಕರೆಯಲು ಬಂದ ಗಂಡ

"ಗಂಡನ್ನ ಕೋರ್ಟಿಗೆ ಎಳದ ಹಲ್ಕಟ್ ಹೆಂಗಸು ನೀ. ಆದ್ರೂ ಅಂವ ಕರಿಯಾಕ ಬಂದಾನ, ನೋಡ," ಎಂದು ಕಬ್ಬಿನ ಕೂಲಿಗಳ ಮುಕಾದಮ ತ್ರಿಂಬಕ ಕಿರುಚಿದ. ಅವನ ಗಂಟಲು ಅಂಥಿಂಥದ್ದಲ್ಲ; ಇಲ್ಲಿ ಬೀಡ ಜಿಲ್ಲೆಯಲ್ಲಿ ಅವನು ಕೆಮ್ಮಿದರೆ ದೂರದ ಕೊಲ್ಲಾಪುರದ ಕಬ್ಬು ತಾನಾಗಿ ಅಡ್ಡ ಬೀಳುತ್ತದೆ ಎಂದು ಕೂಲಿಯವರು ನಗುತ್ತಿದ್ದರು.

ಗೋದಾ ತವರಿನ ಅಂಗಳದಲ್ಲಿ ಕುಳ್ಳು ತಟ್ಟುವ ಕೈ ನಿಲ್ಲಿಸಲಿಲ್ಲ. ಓರೆಗಣ್ಣಲ್ಲಿ ನೋಡಿದಳು. ಗಂಡ ಭಾಗವತನ ಕೈಯಲ್ಲಿ ಹಸಿರು ಸೀರೆ. ಪಕ್ಕದಲ್ಲಿ ಸರಪಂಚ, ಓಟು ಕೇಳಲು ಅಲ್ಲದೆ ಈ ಕೇರಿಗೆ ಕಾಲಿಡದ ಮನುಷ್ಯ.

"ನಡಿ ಗೋದಾ," ಭಾಗವತನ ಬಾಯಲ್ಲಿ ಬೆಲ್ಲ ಸೋರುತ್ತಿತ್ತು. "ಕಬ್ಬಿನ ಹಂಗಾಮು ಸುರು ಆತು. ಜೋಡಿ ಇಲ್ಲದ ಗಂಡಸಿಗೆ ಯಾರ ಕೆಲಸ ಕೊಡ್ತಾರ? ನಾ ಕಡೀತೀನಿ, ನೀ ಹೊರಿ ಕಟ್ಟು."

ಒದ್ದು ಹೊರಗೆ ಹಾಕಿದವನಿಗೆ ಇಷ್ಟು ಅಕ್ಕರೆ ಎಲ್ಲಿಂದ ಬಂತು? ಸೀರೆ ಯಾಕೆ? ಸರಪಂಚ ಯಾಕೆ? ನಾಡಿದ್ದು ಜೀವನಾಂಶದ ತಾರೀಖು. ಗಂಡ ಕರೆದರೂ ಕಾರಣವಿಲ್ಲದೆ ಬರಲೊಲ್ಲದ ಹೆಂಡತಿಗೆ ಜೀವನಾಂಶ ಸಿಗದೆಂದು ಅವನ ವಕೀಲ ಹೋದ ಸಲ ಜಡ್ಜರ ಮುಂದೆ ಹೇಳಿದ್ದ.

ಇವರು ಕರೆಯಲು ಬಂದವರಲ್ಲ, ಒಲ್ಲೆ ಅನ್ನಿಸಲು ಬಂದವರು.

"ಒಲ್ಲಿ ಅಂದ್ರ ಅಂದುಬಿಡು," ತ್ರಿಂಬಕ ಚುಚ್ಚಿದ. "ಸರಪಂಚರು ಕೇಳಲಿ."

"ಬರ್ತೀನಲ್ಲ ದಾದಾ. ಯಾಕ ಒಲ್ಲಿ ಅನ್ಲಿ?"

ಭಾಗವತನ ಹಲ್ಲು ಒಳಗೆ ಹೋದವು. "ಈಗಾ? ಟ್ರಾಲಿ ತುಂಬೇತಿ. ನಾಳಿ ಬರ್ತೀನಿ, ತಡಿ."

ಗೋದಾ ಕೈ ತೊಳೆದು ನಡೆದೇಬಿಟ್ಟಳು; ಮೂವರೂ ಹಿಂದೆ ಓಡಿದರು. ಬೇವಿನ ಮರದ ಕೆಳಗೆ ಟ್ರ್ಯಾಕ್ಟರು ನಿಂತಿತ್ತು. ಟ್ರಾಲಿಯಲ್ಲಿ ಪಾತ್ರೆ, ಚಾಪೆ, ಮೇಲೆ ತಾಡಪತ್ರಿ. ಅಂಚಿನಲ್ಲಿ ಹೊರೆ ಹೊರುವ ಹೆಂಗಸಿನ ಒಂದು ಸಿಂಬಿ, ಕೆಂಪು ಅರಿವೆಯದು, ಹೊಸದು.

"ಯಾರ ತಲಿದು ಇದು?"

"ನಮ್ಮವ್ವಂದು," ಎಂದ ಭಾಗವತ.

"ಆಕಿ ಸತ್ತು ಮೂರು ಹಂಗಾಮಾತು. ಮ್ಯಾಲಿಂದ ಇಳದು ಹೊರಿ ಹೊರಾಕ ಬರ್ತಾಳೇನು?"

ಅವನು ಕೈ ಹಿಡಿಯುವಷ್ಟರಲ್ಲಿ ಗೋದಾ ತಾಡಪತ್ರಿ ಎಳೆದಳು. ಒಳಗೆ ಒಬ್ಬ ಹುಡುಗಿ ಬೆವರಿನಲ್ಲಿ ತೊಯ್ದು ಕುಳಿತಿದ್ದಳು. ಕೊರಳಲ್ಲಿ ತಾಳಿ. ಹೊಟ್ಟೆ ಮುಂದೆ ಬಂದಿತ್ತು.

"ಯಾರವ್ವಾ ನೀ?"

ಹುಡುಗಿ ಭಾಗವತನ ಮುಖ ನೋಡಿದಳು. "ಇವರ ಹೇಣ್ತಿ."

"ಕೇಳಿಸ್ತೇನ್ರಿ ಸರಪಂಚರ? ನನ್ನ 'ಒಲ್ಲೆ' ಕೇಳಾಕ ತಂದ ಕಿವಿ ಇದನ್ನೂ ಕೇಳಲಿ. ಮತ್ತೊಬ್ಬಾಕಿನ್ನ ಕಟ್ಕೊಂಡಾನ ಅಂತ ನಾಡದು ಕೋರ್ಟಿನಾಗ ಹೇಳ್ರಿ."

ಸರಪಂಚ ಟೋಪಿ ಸರಿಮಾಡಿಕೊಂಡು ಬೇವಿನ ಎಲೆ ನೋಡತೊಡಗಿದ.

"ಗಾಡಿ ತಗಿಯೋ," ಎಂದು ತ್ರಿಂಬಕ ಡ್ರೈವರನಿಗೆ ಹೇಳಿದ.

ಇಂಜಿನ್ನು ಗುಡುಗಿತು. ಗೋದಾ ತನ್ನ ಸೆರಗಿನಿಂದ ಹುಡುಗಿಯ ಮುಖ ಒರೆಸಿದಳು. ಆಮೇಲೆ ಮುಂದೆ ಹೋಗಿ ಟ್ರ್ಯಾಕ್ಟರಿನ ಗಾಲಿಗೆ ಬೆನ್ನು ಕೊಟ್ಟು ಕಾಲು ಚಾಚಿ ಕುಳಿತಳು.

"ಕೋರ್ಟಿನಾಗ ಹೇಳ್ತೀನಿ ಅಂತ ಸರಪಂಚರು ಅನ್ನೂತನ ನಾ ಏಳಾಂಗಿಲ್ಲ."

"ಹಾಯ್ಸೋ ಆ ರಂಡಿ ಮ್ಯಾಲೆ," ತ್ರಿಂಬಕ ಅರಚಿದ.

ಡ್ರೈವರ್ ಕ್ಲಚ್ಚಿನ ಮೇಲಿನ ತನ್ನ ಕಾಲನ್ನೇ ನೋಡುತ್ತ ಕುಳಿತ. ಟ್ರಾಲಿಯಲ್ಲಿ ಹುಡುಗಿ ಹೊಟ್ಟೆ ಹಿಡಿದುಕೊಂಡು, ಇಳಿಯಲೆಂದು ಒಂದು ಕಾಲನ್ನು ಅಂಚಿನಾಚೆ ಇಳಿಬಿಟ್ಟಳು.