ಒಂಬತ್ತನ್ನು ಹೊಡೆದು ಆರು

ನನ್ನ ಹೆಂಡತಿ ಶೈಲಜೆ ಲಿಂಗೈಕ್ಯಳಾಗಿ ನಾಲ್ಕು ತಿಂಗಳಾಗಿತ್ತು. ನಾನು ಪಾಠ ಹೇಳಿ ನಿವೃತ್ತನಾದ ಚಾಮರಾಜಪೇಟೆಯ ಶಾಲೆಯಲ್ಲಿ ಕನ್ನಡದ ಉಪಾಧ್ಯಾಯಿನಿ ನಡುವರ್ಷದಲ್ಲಿ ಕೆಲಸ ಬಿಟ್ಟದ್ದರಿಂದ, ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮುಖ್ಯೋಪಾಧ್ಯಾಯ ಲಕ್ಷ್ಮೀಶ ನನಗೆ ತಂದುಕೊಟ್ಟ. ಅವನು ನನ್ನ ಹಳೆಯ ಶಿಷ್ಯ. ಆ ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಶಾಲೆಯ ಆಡಳಿತ ಮಂಡಳಿಯ ಕಾಲೇಜಿನಲ್ಲಿ ಶುಲ್ಕವಿಲ್ಲದ ಒಂದೇ ಒಂದು ಸೀಟು.

ಹೆಸರು ಬರೆದ ಮೂಲೆಯನ್ನು ಮಡಿಚಿ ದಾರದಿಂದ ಹೊಲಿಯುವ ಪದ್ಧತಿ ಆ ಶಾಲೆಗೆ ನಾನೇ ತಂದದ್ದು. ಯಾರ ಮಗುವಿನ ಪತ್ರಿಕೆ ಎಂದು ತಿದ್ದುವವನಿಗೆ ತಿಳಿಯಬಾರದು.

ಲಿಂಗಪೂಜೆ ಮುಗಿಸಿ ತಿದ್ದಲು ಕುಳಿತೆ. ಹನ್ನೊಂದನೆಯ ಪತ್ರಿಕೆಯಲ್ಲಿ ಕೈ ನಿಂತಿತು. ದೀರ್ಘವನ್ನು ಉದ್ದಕ್ಕೆ ಎಳೆದು ತುದಿಯಲ್ಲಿ ಸಣ್ಣ ಸುಳಿ ಹಾಕುವುದು ಶೈಲಜೆಯ ರೂಢಿ. ಅವಳು ಹಾಗೆ ಬರೆಯಲು ಕಲಿಸಿದ್ದು ಒಬ್ಬಳಿಗೇ, ತರಗುಪೇಟೆಯ ಮಂಡಿಯಲ್ಲಿ ಬೇಳೆ ಹಸನು ಮಾಡುವ ಸರಸ್ವತಮ್ಮನ ಮಗಳು ಪ್ರತಿಭಾಳಿಗೆ. ಆರು ವರ್ಷ ಆ ಹುಡುಗಿ ನಮ್ಮ ಪಡಸಾಲೆಯಲ್ಲಿ ಕುಳಿತು ಕಾಪಿ ಬರೆದಿದ್ದಳು. ಸೀಟು ಸಿಗದಿದ್ದರೆ ಓದು ಸಾಕು, ಮಂಡಿಗೆ ಬಾ ಎಂದು ತಾಯಿ ಮೊದಲೇ ಹೇಳಿಬಿಟ್ಟಿದ್ದಳು.

ಮಂಡಿಯ ಧೂಳಿನಲ್ಲಿ ತಾಯಿಯ ಮುಖ ಸಂಜೆಯ ಹೊತ್ತಿಗೆ ಯಾರದೋ ಮುಖವಾಗಿಬಿಡುತ್ತದೆ ಎಂದು ಪ್ರಬಂಧದಲ್ಲಿ ಬರೆದಿದ್ದಳು. ಓದುತ್ತಾ ಕಣ್ಣು ತುಂಬಿತು. ಹತ್ತಕ್ಕೆ ಒಂಬತ್ತು ಹಾಕಿದೆ. ಆಮೇಲೆ ಹೆದರಿಕೆಯಾಯಿತು. ಈ ಒಂಬತ್ತು ಹುಡುಗಿಗೋ, ಹೋದವಳಿಗೋ? ಪಕ್ಷಪಾತವನ್ನು ಶಿವ ಮೆಚ್ಚುವುದಿಲ್ಲವೆಂದು ಅದನ್ನು ಹೊಡೆದು ಆರು ಬರೆದೆ. ಅಂದು ನೆಮ್ಮದಿಯಾಗಿ ಊಟ ಮಾಡಿದೆ.

ಬೇಸಿಗೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಕೇದಾರ್ ಎಂಬ ಹುಡುಗ ಪ್ರತಿಭಾಳಿಗಿಂತ ಎರಡು ಅಂಕ ಹೆಚ್ಚು ಪಡೆದು ಮೊದಲು ಬಂದಿದ್ದ. ಅವನ ಪ್ರಬಂಧಕ್ಕೆ ನಾನು ಎಂಟು ಕೊಟ್ಟಿದ್ದೆ. ಅದರ ಒಂದು ವಾಕ್ಯವೂ ನನಗೆ ನೆನಪಿರಲಿಲ್ಲ.

ಲಕ್ಷ್ಮೀಶನಲ್ಲಿಗೆ ಹೋಗಿ ನಡೆದದ್ದನ್ನು ಹೇಳಿದೆ. ತಪ್ಪು ನನ್ನದೆಂದು ಬರೆದುಕೊಡುತ್ತೇನೆ ಎಂದೆ. ಪಟ್ಟಿ ಮಂಡಳಿಗೆ ಹೋಗಿದೆ, ಕೇದಾರನ ಮನೆಗೆ ಪತ್ರವೂ ಹೋಗಿದೆ ಎಂದ. ನಾನು ಏಳಲಿಲ್ಲ.

"ಮೇಷ್ಟ್ರೇ, ಅರ್ಧ ಮಾರ್ಕ್ಸಿಗೆ ನಮ್ಮನ್ನೆಲ್ಲಾ ಅಳಿಸಿದೋರು ನೀವು. ಅಮ್ಮಾವ್ರು ಹೋದ್ಮೇಲೆ ಮನಸ್ಸು ಮೆತ್ತಗಾಗಿದೆ, ಅಷ್ಟೇ. ಆರು ಹಾಕ್ದಾಗ ಸರಿಯಾಗೇ ಇದ್ರಿ. ನಿಮ್ಮನೇಲಿ ಓದಿದ ಹುಡುಗಿಗೆ ಈಗ ಮೂರು ಜಾಸ್ತಿ ಮಾಡಿದ್ರೆ ಜನ ಏನಂತಾರೆ?"

ಅಲ್ಲಿಂದ ತರಗುಪೇಟೆಗೆ ನಡೆದೆ. ಪ್ರತಿಭಾ ತಾಯಿಯ ಪಕ್ಕದಲ್ಲಿ ಕುಳಿತು ತೊಗರಿಬೇಳೆಯಿಂದ ಕಲ್ಲು ಆರಿಸುತ್ತಿದ್ದಳು. ಅಕ್ಷರ ಗುರುತು ಹಿಡಿದದ್ದು, ಹೆದರಿ ಹೊಡೆದದ್ದು, ಏನನ್ನೂ ಮುಚ್ಚಿಡದೆ ಹೇಳಿದೆ. ಸರಸ್ವತಮ್ಮ ನಕ್ಕಳು.

"ಮೂರು ಮಾರ್ಕ್ಸಿಗೆ ಈ ಬಿಸಿಲಲ್ಲಿ ನಡ್ಕೊಂಡ್ ಬಂದ್ರಾ ಬುದ್ಧಿ? ತಲೆಗೆ ಬಟ್ಟೆನಾದ್ರೂ ಹಾಕ್ಕೊಬಾರ್ದಾ?"

ಪ್ರತಿಭಾ ನಗಲಿಲ್ಲ. "ನೀವು ಹೊಡ್ದಿದೀರಿ ಅಂದ್ರೆ ಏನೋ ತಪ್ಪಿತ್ತು ಸಾರ್. ಬರೆಯೋವಾಗ್ಲೇ ನಂಗನ್ನಿಸ್ತಿತ್ತು, ಇದೆಲ್ಲಾ ಪ್ರಬಂಧದಲ್ಲಿ ಬರೆಯೋ ವಿಷಯ ಅಲ್ಲ ಅಂತ."

ತಪ್ಪಿರಲಿಲ್ಲ ಎಂದೆ. ಮತ್ತೊಮ್ಮೆ ಹೇಳಿದೆ. ವಯಸ್ಸಾದವರನ್ನು ಸಮಾಧಾನಪಡಿಸುವಂತೆ ಅವಳು ತಲೆಯಾಡಿಸಿದಳು. ನಾನು ಮೂವತ್ತೆಂಟು ವರ್ಷ ಪಾಠ ಹೇಳಿ ಗಳಿಸಿದ ಹೆಸರನ್ನು ಅವಳು ನಂಬಿದಳು, ಎದುರಿಗೆ ಕುಳಿತ ನನ್ನನ್ನು ನಂಬಲಿಲ್ಲ.

ಮಂಡಿಯ ಯಜಮಾನ ಒಳಗಿನಿಂದ ಇನ್ನೊಂದು ಮೂಟೆ ಬಿಚ್ಚಲು ಹೇಳಿದ. ಪ್ರತಿಭಾ ಎದ್ದು ಹೋದಳು.