ಮೊದಲ ಬಸ್ಸಿನ ಬುತ್ತಿ

ನಾನೊಂದು ಬುತ್ತಿ ಡಬ್ಬಿ. ಯಾರಾದರೂ ಟಿಫಿನ್ ಬಾಕ್ಸ್ ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ. ಟಿಫಿನ್ ಬಾಕ್ಸಿನಲ್ಲಿ ಎರಡು ಇಡ್ಲಿ ಹಿಡಿದರೆ ಹೆಚ್ಚು. ನನ್ನ ಹೊಟ್ಟೆಯಲ್ಲಿ ಆರು ಜೋಳದ ರೊಟ್ಟಿ, ಒಂದು ಬಟ್ಟಲು ಪಲ್ಯ, ಮೂಲೆಯಲ್ಲಿ ಶೇಂಗಾ ಚಟ್ನಿ, ಒಂದು ಇಡೀ ಉಳ್ಳಾಗಡ್ಡಿ, ಇಷ್ಟೂ ಆರಾಮಾಗಿ ಕೂರುತ್ತವೆ. ಜಂಬ ಎಂದುಕೊಳ್ಳಬೇಡಿ. ಹೊರುವುದೇ ಬದುಕಾದ ನನಗೆ ಎಷ್ಟು ಹೊತ್ತೆ ಎನ್ನುವುದು ಬಿಟ್ಟರೆ ಹೇಳಿಕೊಳ್ಳಲು ಬೇರೆ ಏನಿದೆ?

ಹುಬ್ಬಳ್ಳಿಯ ಒಂದು ಪಾತ್ರೆ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಅಲ್ಲಿಯವರೆಗೆ ಬರೀ ತಗಡು. ಅಚ್ಚಿನ ಕೆಳಗೆ ಸಿಕ್ಕು ಒಂದೇ ಏಟಿಗೆ ಡಬ್ಬಿಯಾದೆ. ಅಂಗಡಿಯಲ್ಲಿ ಹದಿನೈದು ದಿನ ದಾರದಲ್ಲಿ ಜೋತುಬಿದ್ದಿದ್ದೆ. ಕಾಶವ್ವ ಎಂಬ ಹೆಂಗಸು ಬಂದು, ನನ್ನ ಮುಚ್ಚಳವನ್ನು ನಾಲ್ಕು ಸಲ ತೆಗೆದು ಹಾಕಿ, ಬೆರಳ ಗಂಟಿನಿಂದ ಬೆನ್ನಿಗೆ ಬಡಿದು, ಒಪ್ಪಿಕೊಂಡಳು. ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ ತನ್ನ ತಮ್ಮನಿಗಾಗಿ ಕೊಂಡಳು. ಅಂಗಡಿಯವನು ನನ್ನ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ 'ಮಡಿವಾಳಪ್ಪ' ಎಂದು ಅವನ ಹೆಸರು ಕೊರೆದ.

ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಹೇಳಬೇಕು. ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳಿಗೆ ಸುತ್ತಲಿನ ಹಳ್ಳಿಗಳಿಂದ ಮೊದಲ ಬಸ್ಸಿಗೆ ಬುತ್ತಿ ಹೋಗುತ್ತದೆ. ತಾಯಂದಿರು ನಸುಕಿನಲ್ಲೆದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಬಸ್ಸಿನ ಡ್ರೈವರ್ ಪಕ್ಕದಲ್ಲಿಟ್ಟು ಹೋಗುತ್ತಾರೆ. ಎಂಜಿನ್ನಿನ ಬಿಸಿಗೆ ಪಲ್ಯ ಆರುವುದಿಲ್ಲ. ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳು ಕಾದಿದ್ದು, ತಮ್ಮ ತಮ್ಮ ಡಬ್ಬಿ ಗುರುತಿಸಿ ಒಯ್ಯುತ್ತಾರೆ. ಸಂಜೆ ಐದರ ಬಸ್ಸಿಗೆ ತೊಳೆದ ಡಬ್ಬಿ ವಾಪಸು. ನಾವು ಇಪ್ಪತ್ತು ಮೂವತ್ತು ಡಬ್ಬಿಗಳು ಒಟ್ಟಿಗೆ ಗಡಗಡ ಎನ್ನುತ್ತಾ ಹೋಗುವಾಗ ಬಸ್ಸೇ ನಮ್ಮದು ಎನ್ನಿಸುತ್ತಿತ್ತು.

ಮಡಿವಾಳಪ್ಪ ಉಣ್ಣುವುದರಲ್ಲಿ ಹಿಂದೆ ಬೀಳುವ ಮನುಷ್ಯನಲ್ಲ. ಆರು ರೊಟ್ಟಿ ಮುಗಿಸಿ, ಬೆರಳಲ್ಲಿ ನನ್ನ ಮೂಲೆ ಮೂಲೆ ಬಳಿದು, ಮತ್ತೆ ಗೆಳೆಯರ ಡಬ್ಬಿಯ ಕಡೆ ನೋಡುತ್ತಿದ್ದ. ಮೂರು ವರ್ಷದಲ್ಲಿ ಅವನ ಪ್ಯಾಂಟನ್ನು ಐದು ಸಲ ಬಿಚ್ಚಿ ಹೊಲಿಸಬೇಕಾಯಿತು. ಪದವಿ ಬಂತು, ಬೆಳಗಾವಿಯಲ್ಲಿ ನೌಕರಿ ಬಂತು, ಹೊಟ್ಟೆಯೂ ಬಂತು. ನನ್ನನ್ನು ಕಾಶವ್ವ ತೊಳೆದು, ಹುಣಸೆಹಣ್ಣು ತುಂಬಿ ಗೋಡೆಯ ಮಾಡದಲ್ಲಿಟ್ಟಳು. ಹದಿನೆಂಟು ವರ್ಷ ಆ ಹುಳಿಯ ಜೊತೆ ಕಳೆದೆ. ಬಸ್ಸಿನ ಹಾರ್ನು ಕೇಳಿದಾಗಲೆಲ್ಲ ಎದೆ ಜಲ್ಲೆನ್ನುತ್ತಿತ್ತು.

ಆಮೇಲೆ ಕಾಶವ್ವನ ಮಗಳು ದಾಕ್ಷಾಯಣಿ ಎಂ.ಎ. ಓದಲು ಧಾರವಾಡಕ್ಕೆ ಹೊರಟಳು. ಸಪ್ತಾಪುರದಲ್ಲಿ ಸುಮಂಗಲಾ ಎಂಬ ಕೊಪ್ಪಳದ ಹುಡುಗಿಯ ಜೊತೆ ಒಂದು ರೂಮು ಹಿಡಿದಳು. ನಾನು ಮತ್ತೆ ಬಸ್ಸು ಹತ್ತಿದೆ. ಮುಚ್ಚಳದ ಮೇಲೆ ಸೋದರಮಾವನ ಹೆಸರು ಹಾಗೇ ಇತ್ತಲ್ಲ, ಕಂಡಕ್ಟರ್ ಬಸವಣ್ಣೆಪ್ಪ ಕಿಟಕಿಯಿಂದ ಕೂಗುತ್ತಿದ್ದ: "ಏ ಮಡಿವಾಳಪ್ಪ, ಲಗೂನ ಬಾರವಾ, ನಿನ್ನ ಬುತ್ತಿ ಬಂದೈತಿ!" ದಾಕ್ಷಿ ನಗುತ್ತಾ ಓಡಿ ಬರುತ್ತಿದ್ದಳು. ಆ ನಗುವಿಗೆ ನಾನು ಇಡೀ ದಾರಿ ಕಾಯುತ್ತಿದ್ದೆ.

ಮೊದಲ ವರ್ಷ ಚೆನ್ನಾಗಿ ಉಂಡಳು. ನನ್ನದನ್ನೂ ಉಂಡಳು, ಹೊರಗಿನದನ್ನೂ ಉಂಡಳು. ಸಂಜೆ ಗೆಳತಿಯರ ಜೊತೆ ಗಿರಮಿಟ್ಟು, ಮಿರ್ಚಿ, ಬೇಕರಿಯ ಪಫ್ಸು. ಪರೀಕ್ಷೆ ಹತ್ತಿರ ಬಂದರೆ ಊಟದ ಹೊತ್ತು ತಪ್ಪಿ, ಬಿಸ್ಕಿಟಿನ ಪುಡಿಕೆ ಪುಸ್ತಕದ ಪಕ್ಕದಲ್ಲೇ. ಬಸ್ ಸ್ಟ್ಯಾಂಡಿನಲ್ಲಿ ಬಣ್ಣದ ದೀಪ ಮಿಣುಕಿಸುವ ತೂಕದ ಯಂತ್ರವೊಂದಿತ್ತು. ಬರುವಾಗ ನಲವತ್ತೆಂಟು ಇದ್ದವಳು ವರ್ಷದ ಕೊನೆಗೆ ಐವತ್ತೇಳು ಎಂದು ಅದು ಚೀಟಿ ಕೊಟ್ಟಿತು. ಆ ಯಂತ್ರವನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅದಕ್ಕೆ ಅಂಕಿ ಗೊತ್ತು, ಹಸಿವು ಗೊತ್ತಿಲ್ಲ.

ಪಂಚಮಿ ಹಬ್ಬಕ್ಕೆ ದಾಕ್ಷಿ ಊರಿಗೆ ಬಂದಳು. ಓಣಿಯ ಹೆಂಗಸರು ಉಂಡಿ ಕಟ್ಟಲು ಸೇರಿದ್ದರು. ಮಗಳಿಗೆ ಹೊಸ ಜಂಪರು ತೊಡಿಸಲು ಹೋದ ಕಾಶವ್ವ ಕೈಯಲ್ಲಿ ಬಟ್ಟೆ ಹಿಡಿದು ನಕ್ಕುಬಿಟ್ಟಳು. "ಹೊಲಿಗಿ ಬಿಚ್ಚಿದ್ರೂ ಹಿಡಿಯಂಗಿಲ್ಲಲ್ಲಬೇ! ಧಾರವಾಡದ ನೀರು ಭಾರಿ ಹತ್ತೇತಿ ನಿನಗ. ಬಳಿ ಸುದ್ದಾ ಮುಂಗೈ ದಾಟವಲ್ವು." ಎಲ್ಲರೂ ನಕ್ಕರು. ದಾಕ್ಷಿಯೂ ನಕ್ಕಳು. ಆದರೆ ಕೈಯಲ್ಲಿದ್ದ ಉಂಡಿಯನ್ನು ಕಚ್ಚಲಿಲ್ಲ, ಮೆಲ್ಲಗೆ ತಾಟಿಗೆ ಹಾಕಿದಳು. ಮಾಡದಲ್ಲಿದ್ದ ನನಗೆ ಅದು ಕಂಡಿತು. ಬೇರೆ ಯಾರಿಗೂ ಕಾಣಲಿಲ್ಲ.

ಅಲ್ಲಿಂದ ಶುರುವಾಯಿತು. ಮೊದಲು ಎರಡು ರೊಟ್ಟಿ ಸುಮಂಗಲಾಗೆ ಹೋದವು. ಆಮೇಲೆ ನಾಲ್ಕು. ಆಮೇಲೆ ಪಲ್ಯದ ಎಣ್ಣೆ ಕಂಡರೆ ಮುಖ ಕಿವುಚತೊಡಗಿದಳು. ಕೊನೆಗೆ ಇಡೀ ಬುತ್ತಿಯೇ ಸುಮಂಗಲಾಗೆ, ಪಕ್ಕದ ರೂಮಿನ ಹುಡುಗಿಯರಿಗೆ. "ನನಗ ಹಸಿವಿಲ್ಲ, ಈಗ ಕ್ಯಾಂಟೀನಿನ್ಯಾಗ ತಿಂದು ಬಂದೆ" ಎನ್ನುತ್ತಿದ್ದಳು. ಅವರು ನಂಬಿದರು. ನಂಬಿ ಉಂಡರು, ಉಂಡು ಮೈ ತುಂಬಿಕೊಂಡರು. ಅವರನ್ನು ನಾನು ಬೈಯುವುದಿಲ್ಲ. ಕಾಶವ್ವನ ಎಣಗಾಯಿ ಕಂಡು ಬೇಡ ಎನ್ನುವುದು ಯಾರಿಂದಲೂ ಆಗದು.

ದಾಕ್ಷಿ ಮಾತ್ರ ದಿನಾ ಒಂದು ಕೆಲಸ ಮಾಡುತ್ತಿದ್ದಳು. ರೂಮಿನಲ್ಲಿ ಯಾರೂ ಇಲ್ಲದಾಗ ನನ್ನ ಮುಚ್ಚಳ ತೆಗೆದು, ಮುಖ ಹತ್ತಿರ ತಂದು, ಒಳಗಿನ ಹಬೆಯನ್ನು ಉಸಿರೆಳೆದುಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿರುತ್ತಿತ್ತು. ಅವಳ ಬಾಯಲ್ಲಿ ನೀರೂರುವುದು ನನಗೆ ಕೇಳಿಸುತ್ತಿತ್ತು. ಒಂದು ಚೂರು ಮುರಿ ತಾಯೀ, ಒಂದೇ ಚೂರು ಎಂದು ನಾನು ಒಳಗೊಳಗೇ ಗೋಗರೆಯುತ್ತಿದ್ದೆ. ಮುಚ್ಚಳ ಮತ್ತೆ ಬೀಳುತ್ತಿತ್ತು. ಹಸಿದವಳ ಕೈಯಲ್ಲಿದ್ದೂ ಅವಳಿಗೆ ಒದಗದೆ ಹೋಗುವ ಸಂಕಟ ಯಾವ ಡಬ್ಬಿಗೂ ಬೇಡ.

ಸಂಜೆ ನನ್ನನ್ನು ಬೂದಿ ಹಾಕಿ ಉಜ್ಜಿ, ಫಳಫಳ ಮಾಡಿ ಬಸ್ಸಿಗಿಡುತ್ತಿದ್ದಳು. ಊರಲ್ಲಿ ಕಾಶವ್ವ ನನ್ನನ್ನು ತೆರೆದು, ಖಾಲಿ ಹೊಟ್ಟೆ ನೋಡಿ ಹಿಗ್ಗುತ್ತಿದ್ದಳು. "ಪೂರಾ ಉಂಡಾಳ ನನ್ನ ಮಗಳು." ಮರುದಿನ ಇನ್ನೊಂದು ಸೌಟು ಪಲ್ಯ ಹೆಚ್ಚು. ಊರ ಶಾಲೆಯಲ್ಲಿ ಬಿಸಿಯೂಟ ಮಾಡುವವಳು ಅವಳು. ದಿನಾ ನೂರಾ ಐವತ್ತು ಮಕ್ಕಳಿಗೆ ಕೈಯಾರೆ ಬಡಿಸಿ, ಯಾರು ಎಷ್ಟು ಉಂಡರು, ಯಾರು ಕದ್ದು ಚೆಲ್ಲಿದರು ಎಂದು ಕಣ್ಣಲ್ಲೇ ಹೇಳುವವಳು. ತನ್ನ ಮಗಳ ವಿಷಯದಲ್ಲಿ ನನ್ನ ಹೊಳಪನ್ನು ನಂಬಿದಳು. ನಾನು ಸುಳ್ಳಿಗೆ ಸಾಕ್ಷಿಯಾಗಿ ಕೂತಿದ್ದೆ. ಬಾಯಿ ಇದ್ದೂ ಮಾತಿಲ್ಲದ ಜನ್ಮ ನನ್ನದು. ಬಸ್ ಸ್ಟ್ಯಾಂಡಿನ ಚೀಟಿ ನಲವತ್ತೆರಡಕ್ಕೆ ಇಳಿದಿತ್ತು. ಊರಿಗೆ ಬಾ ಎಂದರೆ ದಾಕ್ಷಿ ಓದುವುದಿದೆ ಎನ್ನುತ್ತಿದ್ದಳು.

ಸತ್ಯ ಹೊರಬಿದ್ದದ್ದು ಉಪ್ಪಿನಿಂದ. ಕಾಶವ್ವ ಒಲೆಯ ಮೇಲಿನ ಅಡುಗೆಯ ರುಚಿ ನೋಡುವವಳಲ್ಲ. ಬುತ್ತಿ ಕಟ್ಟುವ ಮೊದಲು ನಾಲಿಗೆಗೆ ಹಚ್ಚಿದರೆ ಎಂಜಲು ಎನ್ನುತ್ತಾಳೆ. ಕೈ ಅಳತೆಯೇ ಅವಳ ಅಳತೆ, ಅದು ಎಂದೂ ತಪ್ಪಿದ್ದಿಲ್ಲ. ಆ ಒಂದು ಬೆಳಿಗ್ಗೆ ಮಾತ್ರ ಬಸ್ಸಿನ ಗಡಿಬಿಡಿಯಲ್ಲಿ ಬದನೆಕಾಯಿ ಪಲ್ಯಕ್ಕೆ ಉಪ್ಪೇ ಬೀಳಲಿಲ್ಲ. ಸಂಜೆ ಮನೆಯಲ್ಲಿ ಉಳಿದಿದ್ದ ಪಲ್ಯ ಬಾಯಿಗಿಟ್ಟಾಗ ಅವಳಿಗೇ ಗೊತ್ತಾಯಿತು. "ಅಯ್ಯ ಶಿವನ!" ಎಂದು ತಲೆ ಚಚ್ಚಿಕೊಂಡು ಫೋನು ಎತ್ತಿದಳು. ಪಲ್ಯದಲ್ಲಿ ಉಪ್ಪು ತುಸು ಕಡಿಮೆಯಾದರೂ ಸಣ್ಣವಳಿದ್ದಾಗ ದಾಕ್ಷಿ ಮನೆ ತಲೆಯ ಮೇಲೆ ಹೊರುತ್ತಿದ್ದಳು.

"ಬದನಿಕಾಯಿ ಹೆಂಗಿತ್ತವಾ?" ಎಂದಳು.

"ಭಾಳ ಚಲೋ ಇತ್ತವ್ವ. ಪೂರಾ ಉಂಡೆ."

ಕಾಶವ್ವ ಫೋನು ಇಟ್ಟು, ಆಗ ತಾನೇ ಬಂದಿದ್ದ ನನ್ನನ್ನು ತೆರೆದು ನೋಡುತ್ತಾ ಕೂತಳು. ನನ್ನ ಹೊಳಪು ಕಂಡು ಅವಳು ಹಿಗ್ಗದಿದ್ದದ್ದು ಅದೇ ಮೊದಲು.

ಮರುದಿನ ಶಾಲೆಗೆ ರಜೆ ಹೇಳಿ ತಾನೇ ಬಸ್ಸು ಹತ್ತಿದಳು. "ಕಾಶವ್ವಕ್ಕ, ನೀನ ಹೊಂಟ್ರೂ ಡಬ್ಬಿ ಇಲ್ಲಿ ಕೊಡು, ಬೆಚ್ಚಗಿರ್ತೈತಿ" ಎಂದ ಬಸವಣ್ಣೆಪ್ಪ. ಅವಳು ಕೊಡಲಿಲ್ಲ. ನನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬಸ್ಸು ಧಾರವಾಡದಲ್ಲಿ ನಿಂತಾಗ ಕಿಟಕಿಯಿಂದ ಒಂದು ಕೈ ಒಳಗೆ ಚಾಚಿತು. ಪಂಚಮಿಯಲ್ಲಿ ಮುಂಗೈ ದಾಟದಿದ್ದ ಹಸಿರು ಬಳೆಗಳು ಸರ್ರನೆ ಮೊಣಕೈಗೆ ಜಾರಿದವು. ಕಾಶವ್ವ ಮೊದಲು ಬಳೆ ನೋಡಿದಳು, ಆಮೇಲೆ ಮುಖ ನೋಡಿದಳು.

ರೂಮಿಗೆ ಹೋದಾಗ ಸುಮಂಗಲಾ ಎದ್ದು ನಿಂತಳು. "ಕಾಕು, ನಿನ್ನೆ ಉಪ್ಪಿರಲಿಲ್ಲ ಅಂತ ನಾವ ಹಾಕ್ಕೊಂಡು ಉಂಡ್ವಿ" ಎಂದುಬಿಟ್ಟಳು. ಹೇಳಿದ ಮೇಲೆ ಅವಳಿಗೆ ಅರ್ಥವಾಗಿ, ತುಟಿ ಕಚ್ಚಿಕೊಂಡು ಹೊರಗೆ ಹೋದಳು.

"ಯಾಕವ್ವಾ?" ಎಂದಳು ಕಾಶವ್ವ. ಅಷ್ಟೇ ಕೇಳಿದಳು.

ದಾಕ್ಷಿ ಜಾರಿದ ಬಳೆಗಳನ್ನು ಮುಂಗೈಗೆ ಎಳೆದುಕೊಂಡಳು. "ಪಂಚಮ್ಯಾಗ ನೀ ಜಂಪರು ಹಿಡಿಯಂಗಿಲ್ಲ ಅಂದಿದ್ದೆಲ್ಲ. ಎಲ್ಲಾರೂ ನಕ್ಕಿದ್ರು. ಈಗ ತಿನ್ನಾಕ ಹೋದ್ರ ಅಂಜಿಕಿ ಬರ್ತೈತವ್ವ. ಬ್ಯಾಡ ಅಂತಲ್ಲ. ಆಗವಲ್ದು."

"ನಾ? ಹಂಗ ಅಂದಿದ್ದೆನಾ ನಾ?" ಕಾಶವ್ವನಿಗೆ ಆ ಮಾತು ನೆನಪೇ ಇರಲಿಲ್ಲ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವಳು ಅತ್ತದ್ದು ಅದಕ್ಕೇ ಇರಬೇಕು.

ಅಂದೇ ಮಗಳನ್ನು ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ಬೈಯಲಿಲ್ಲ. ಇದೂ ಒಂದು ಜಡ್ಡೇ, ಹಟವಲ್ಲ, ವಾರಕ್ಕೊಮ್ಮೆ ಬಾ, ಸ್ವಲ್ಪ ಸ್ವಲ್ಪ ಉಣ್ಣು, ಬಸ್ ಸ್ಟ್ಯಾಂಡಿನ ಯಂತ್ರದ ಮೇಲೆ ನಿಲ್ಲಬೇಡ ಎಂದರು. ಸಂಜೆ ಹೊರಡುವಾಗ ಕಾಶವ್ವ ನನ್ನನ್ನು ಮಗಳ ಮುಂದೆ ಹಿಡಿದು ಹೇಳಿದಳು: "ಉಣ್ಣು ಅಂತ ನಾ ಒತ್ತಾಯ ಮಾಡಂಗಿಲ್ಲ. ಆದ್ರ ಡಬ್ಬಿ ತೊಳಿಬ್ಯಾಡ. ಉಳದದ್ದು ಉಳದಂಗ ಕಳಸು. ನನಗ ಖರೆ ಬೇಕು."

ಮರುದಿನ ಸಂಜೆ ನಾನು ಭಾರವಾಗಿಯೇ ಊರಿಗೆ ಬಂದೆ. ಆರು ರೊಟ್ಟಿಯಲ್ಲಿ ಐದೂವರೆ ಇದ್ದವು. ನಾಚಿಕೆಯಿಂದ ಮುಚ್ಚಳ ತೆರೆಯಬಾರದು ಅನ್ನಿಸಿತು. ಕಾಶವ್ವ ತೆರೆದಳು. ಆ ಅರ್ಧ ರೊಟ್ಟಿಯ ಹರಿದ ಅಂಚನ್ನು ಬೆರಳಿಂದ ಸವರಿದಳು. ಆಮೇಲೆ ಗಂಡನನ್ನು ಕೂಗಿ ಕರೆದಳು: "ನೋಡ್ರಿ ಇಲ್ಲೆ, ಅರ್ಧಾ ರೊಟ್ಟಿ ಉಂಡಾಳ!" ಇಷ್ಟು ವರ್ಷ ಖಾಲಿಯಾಗಿ ಬಂದದ್ದೇ ದೊಡ್ಡಸ್ತಿಕೆ ಎಂದುಕೊಂಡಿದ್ದ ನನಗೆ ಅವತ್ತು ಬುದ್ಧಿ ಬಂತು.

ಹಾಗೇ ತಿಂಗಳುಗಳು ಕಳೆದವು. ಒಂದು ದಿನ ನಾಲ್ಕು ರೊಟ್ಟಿ ಉಳಿದರೆ ಇನ್ನೊಂದು ದಿನ ಮೂರು. ಕೆಲವು ದಿನ ಆರಕ್ಕೆ ಆರೂ ಬಂದವು. ಆ ದಿನಗಳಲ್ಲಿ ಕಾಶವ್ವ ಅವನ್ನೇ ಮುರಿದು ತಾನು ಉಂಡಳು. ಮಗಳು ಬಿಟ್ಟದ್ದನ್ನು ಚೆಲ್ಲಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಎಂ.ಎ. ಮುಗಿಯುವ ಹೊತ್ತಿಗೆ ಒಂದೆರಡು ರೊಟ್ಟಿ ಮಾತ್ರ ಉಳಿಯುತ್ತಿದ್ದವು, ಬಸವಣ್ಣೆಪ್ಪನ ಕೂಗಿಗೆ ಓಡಿ ಬರುವಷ್ಟು ಕಸುವೂ ಬಂದಿತ್ತು. ಓದು ಮುಗಿಸಿ ದಾಕ್ಷಿ ಊರಿಗೆ ಬಂದ ಮರುದಿನವೂ ಕಾಶವ್ವ ರೂಢಿಯಂತೆ ನನ್ನನ್ನು ಕಟ್ಟಿಕೊಂಡು ಬಸ್ಸಿಗೆ ಬಂದಿದ್ದಳು. "ಮಗಳು ನಿನ್ನೆ ನನ್ನ ಬಸ್ಸಿನ್ಯಾಗ ಮನಿಗೆ ಬಂದಾಳಲ್ಲಬೇ!" ಎಂದು ಬಸವಣ್ಣೆಪ್ಪ ಬಿದ್ದು ಬಿದ್ದು ನಕ್ಕ. ನಾನು ಬಸ್ಸನ್ನು ನೋಡಿದ್ದು ಅದೇ ಕೊನೆ.

ಈಗ ದಾಕ್ಷಿ ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಅಷ್ಟು ದೂರಕ್ಕೆ ಬುತ್ತಿ ಹೋಗುವುದಿಲ್ಲ. ನನ್ನ ಕೊಂಡಿ ಸಡಿಲಾಗಿದೆ, ತಳದಲ್ಲಿ ತಗ್ಗು ಬಿದ್ದಿದೆ, ಮುಚ್ಚಳದ ಮೇಲಿನ ಮಡಿವಾಳಪ್ಪ ಅರ್ಧ ಅಳಿಸಿಹೋಗಿದ್ದಾನೆ. ಮಾಡದಲ್ಲಿ ಖಾಲಿ ಕೂತಿರುತ್ತೇನೆ. ಹುಣಸೆಹಣ್ಣನ್ನೂ ಈಗ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ್ದಾರೆ. ಎಂಜಿನ್ನಿನ ಬಿಸಿ, ಬೆನ್ನಿಗೆ ತಾಗುವ ಪಕ್ಕದ ಡಬ್ಬಿಗಳು, ಕಿಟಕಿಯಿಂದ ಚಾಚುವ ಕೈ, ಎಲ್ಲದಕ್ಕೂ ಜೀವ ಎಳೆಯುತ್ತದೆ.

ದಿನಾ ಸಂಜೆ ಫೋನು ಬರುತ್ತದೆ. ಕಾಶವ್ವ ಊಟ ಆಯಿತೇ ಎಂದು ಕೇಳುವುದನ್ನು ಎಂದೋ ಬಿಟ್ಟಿದ್ದಾಳೆ. ಆ ಪ್ರಶ್ನೆಗೆ ಹೌದು ಎನ್ನುವುದು ಎಲ್ಲರಿಗೂ ಸಲೀಸು. ಅವಳು ಕೇಳುವುದು ಬೇರೆ. ಫೋನು ಬಂದಾಗ ನನ್ನನ್ನು ಮಾಡದಿಂದ ಇಳಿಸಿ ಮಡಿಲಲ್ಲಿಟ್ಟುಕೊಳ್ಳುವುದೂ ಅವಳಿಗೆ ಒಂದು ಅಭ್ಯಾಸವಾಗಿದೆ. ನಿನ್ನೆಯೂ ಹಾಗೇ ಕೂತು ಕೇಳಿದಳು.

"ಇವತ್ತ ಎಷ್ಟು ಉಳಿಸಿದ್ಯವ್ವಾ?"

ಆ ಕಡೆಯಿಂದ ದಾಕ್ಷಿ, "ನಾಕು ತುತ್ತು ಉಳೀತವ್ವ" ಎಂದಳು.

ಕಾಶವ್ವ ನನ್ನ ಖಾಲಿ ಹೊಟ್ಟೆಯೊಳಗೆ ಕೈಯಿಟ್ಟುಕೊಂಡು, "ಆಗಲೇಳು" ಎಂದಳು. ಆ ನಾಲ್ಕು ತುತ್ತನ್ನು ನಾನೇ ಹೊತ್ತು ತರುವಂತಿರಬೇಕಿತ್ತು.