ಕಾಲು ಮುಂದಾಗಿ ಹುಟ್ಟಿದವಳು

ಡಾಬಾದ ಬೋರ್ಡು ಕಟ್ಟುವಾಗ ಮೇಲಿನಿಂದ ಬಿದ್ದ ಬಾಲರಾಜುವನ್ನು ಡಾಬಾದ ಮಾಲೀಕ ಗುರುರಾಜ್ ಆಸ್ಪತ್ರೆಗೆ ಒಯ್ಯಲಿಲ್ಲ. ಲಗೇಜ್ ಆಟೋದಲ್ಲಿ ಈರುಳ್ಳಿ ಚೀಲಗಳ ನಡುವೆ ಕೂರಿಸಿ, ಐಮಂಗಲದಿಂದ ಹಟ್ಟಿಗೆ ತಂದು ಇಳಿಸಿದ.

ಅಂಗಳದಲ್ಲಿ ಕಂಬಳಿ ಹಾಸಿ ಬೋರಲು ಮಲಗಿಸಿದ್ದರು. ಕುರಿ ಬಿಟ್ಟು ಓಡಿಬಂದ ಅಕ್ಕ ಯಲ್ಲಕ್ಕನಿಗೆ ಯಾರೂ ಏನೂ ವಿವರಿಸಬೇಕಿರಲಿಲ್ಲ. ಅವಳು ಕಾಲು ಮುಂದಾಗಿ ಹುಟ್ಟಿದವಳು. ಸೊಂಟ ಹಿಡಿದವರಿಗೆ ಅವಳ ಕಾಲು ತಾಗಿದರೆ ಬಿಡುತ್ತದೆಂದು ಸುತ್ತಲಿನವರೆಲ್ಲ ನಂಬಿದ್ದರು. ಲಾರಿ ಡ್ರೈವರುಗಳೂ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ಬಂದು ಬೆನ್ನು ಕೊಡುತ್ತಿದ್ದರು. ಹಿಮ್ಮಡಿಯಿಂದ ಮೇಲಕ್ಕೆ ಪಾದ ಆಡಿಸುತ್ತಾ ಬಂದು, ಕೊನೆಗೆ ಸೊಂಟದ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲುವುದು ಅವಳ ಕ್ರಮ. ಅವಳೂ ಅದನ್ನು ನಂಬಿದ್ದಳು.

"ಸೊಂಟ ಹಿಡ್ಕಂಡೈತೆ, ಅಷ್ಟೆ," ಎಂದ ಗುರುರಾಜ್, ಆಟೋಗೆ ಒರಗಿ. "ನೀನು ತುಳಿದ್ರೆ ಸಂಜೀಗೆ ಎದ್ದು ಓಡಾಡ್ತಾನೆ. ಆಸ್ಪತ್ರೆ ಅಂದ್ರೆ ಪೊಲೀಸು, ಕೇಸು. ನಮ್ ಹುಡುಗನಿಗ್ಯಾಕೆ ಅದೆಲ್ಲ?"

"ಅಲ್ಲಿ ಬೆನ್ನು ಕೊಯ್ತಾರಂತೆ ಕಣೇ," ಎಂದಳು ಅವ್ವ, ಸೆರಗು ಕಚ್ಚಿಕೊಂಡು.

ಬಾಲರಾಜು ಹಲ್ಲು ಕಚ್ಚಿಕೊಂಡೇ ನಕ್ಕ. "ಸಣ್ಣೋನಿದ್ದಾಗ ಸುಮ್ಸುಮ್ನೆ ಒದಿತಿದ್ದೆ ನನ್ನ. ಇವತ್ತು ಕೇಳಿ ಒದಿಸ್ಕಂತಿದೀನಿ ನೋಡಕ್ಕ."

ಯಲ್ಲಕ್ಕ ಸೀರೆ ಎತ್ತಿ ಕಟ್ಟಿ, ಅವನ ಹಿಮ್ಮಡಿಯ ಮೇಲೆ ಪಾದ ಇಟ್ಟಳು. ಮೀನಖಂಡ ಒತ್ತಿದಳು.

"ಶುರು ಮಾಡಕ್ಕ. ಮುಹೂರ್ತ ನೋಡ್ತಿದೀಯೇನು?"

ಅವಳ ಪಾದ ಅವನ ಕಾಲಿನ ಮೇಲೇ ಇತ್ತು. ಇನ್ನಷ್ಟು ಭಾರ ಬಿಟ್ಟಳು. ತೊಡೆಗೆ ಬಂದಳು. ಅವನು ಮುಖ ಮಣ್ಣಿಗಿಟ್ಟು ಕಾಯುತ್ತಲೇ ಇದ್ದ. ಅವಳು ಕಾಲು ತೆಗೆದು ಬಗ್ಗಿ, ಬೆನ್ನಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ನಡುವಿನ ಹತ್ತಿರ ಒಂದು ಎಲುಬು ಗುಬುಟಿನಂತೆ ಎದ್ದು ನಿಂತಿತ್ತು. ಬೆರಳು ತಾಗಿದ್ದಕ್ಕೆ ಅವನು ಚೀರಿದ.

ಯಲ್ಲಕ್ಕ ಕುಪ್ಪಸದೊಳಗಿನ ಮೊಬೈಲು ತೆಗೆದು ನೂರೆಂಟಕ್ಕೆ ಹಚ್ಚಿ, ಹಟ್ಟಿಯ ಗುರುತು, ತಮ್ಮ ಬಿದ್ದದ್ದು, ಎದ್ದು ನಿಂತ ಎಲುಬು ಎಲ್ಲ ಹೇಳಿದಳು.

"ಕೂರಿಸ್ಬೇಡಿ, ಹೊರಳಿಸ್ಬೇಡಿ. ಬೆನ್ನುಮೂಳೆ ಮುರಿದಿರಬಹುದು. ನಮ್ಮವರೇ ಹಲಗೆ ಮೇಲೆ ಎತ್ತುತ್ತಾರೆ," ಎಂದಿತು ಆಚೆಯ ಹೆಣ್ಣುದನಿ. "ಎಲ್ಲಿಂದ ಬಿದ್ರು?"

ಗುರುರಾಜ್ ಹತ್ತಿರ ಬಂದಿದ್ದ. "ಹುಣಸೆ ಮರದಿಂದ ಅನ್ನು."

"ಡಾಬಾ ಬೋರ್ಡು ಕಟ್ತಿದ್ದ. ಅಲ್ಲಿಂದ ಬಿದ್ದ," ಎಂದಳು ಯಲ್ಲಕ್ಕ ಮೊಬೈಲಿಗೆ.

ಗುರುರಾಜನ ಮುಖ ಕಪ್ಪಿಟ್ಟಿತು. "ಊರೋರ್ನೆಲ್ಲ ತುಳಿದೋಳಿಗೆ ತಮ್ಮನ್ನ ತುಳಿಯಾಕೆ ಏನ್ ರೋಗ? ಹತ್ತು. ವ್ಯಾನು ಬರೋದ್ರೊಳಗೆ ಎದ್ದು ನಿಲ್ತಾನೆ."

"ಒಂದ್ಸಲ ತುಳಿಯೇ," ಅವ್ವ ಅಳತೊಡಗಿದಳು. "ಕುಂಟ ಆದ್ರೆ ಯಾರು ನೋಡ್ತಾರೆ ಅವನ್ನ?"

ಬಾಲರಾಜು ಮೊಣಕೈ ಊರಿ ಏಳಲು ನೋಡಿದ. ಈಗ ಅವನು ನಗುತ್ತಿರಲಿಲ್ಲ. "ಅಕ್ಕ, ನನ್ ಕಾಲು ಎಲ್ಲಿ ಅವೆ ಅಂತ ಗೊತ್ತಾಗ್ತಿಲ್ಲ. ತುಳಿಯಕ್ಕ. ಕೈ ಮುಗಿತೀನಿ, ತುಳಿ."

"ತುಳಿಯಲ್ಲ ಕಣೋ."

ಅವನ ತಲೆಯ ಹತ್ತಿರ ಮಣ್ಣಿನಲ್ಲಿ ಕುಳಿತು, ಎರಡೂ ಪಾದಗಳನ್ನು ಸೀರೆಯೊಳಗೆ ಮಡಚಿಕೊಂಡು, ಅವನು ಅಲುಗಾಡದಂತೆ ಹೆಗಲುಗಳನ್ನು ಒತ್ತಿ ಹಿಡಿದಳು.